ಬೆಳಗ್ಗೆ 11ಕ್ಕೇ ಫುಲ್, ರಾತ್ರಿ ಎರಡೇ ಗಂಟೆಯೊಳಗೆ ಖಾಲಿ

100 ವಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟ್ 40 ಎಎಚ್ (ಆಂಪಿಯರ್-ಅವರ್) ಬ್ಯಾಟರಿ (ನೀರು ಹಾಕುವಂಥದ್ದು). ಬೆಳಗ್ಗೆ 11ಕ್ಕೇ ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ಮಧ್ಯೆ ಚಾರ್ಜ್ ನೋಡಿಕೊಳ್ಳುವ ಡಬ್ಬಿ) ಫುಲ್ ತೋರಿಸುತ್ತದೆ, ರಾತ್ರಿ ಮೂರು ಬಲ್ಬು, ಒಂದು ಡಿಸಿ ಫ್ಯಾನ್ ಹಾಕಿದರೆ ಎರಡು ಗಂಟೆಯೊಳಗೆ ಎಲ್ಲ ಆಫ್ ಅಂದಿರಲ್ಲ. ಇನ್ನೊಂದು ಪ್ಯಾನೆಲ್ ತರೋಕೆ ಹೋಗಬೇಡಿ ಸರ್, ಸುಮ್ನೆ ದುಡ್ಡು ದಂಡ. ನಿಮ್ಮ ಲೋಡ್ (ಬಲ್ಬು, ಫ್ಯಾನ್ ಸೇರಿ) ಸುಮಾರು 50 ವಾಟ್, ಅಂದರೆ 4 ಆಂಪಿಯರ್ ಚಿಲ್ಲರೆ. ಬ್ಯಾಟರಿ ಚೆನ್ನಾಗಿದ್ದರೆ ಅರ್ಧ ಚಾರ್ಜ್‌ನಲ್ಲೇ ನಾಲ್ಕು ಗಂಟೆ ದಾಟಬೇಕು.

ವೋಲ್ಟೇಜ್ ಅಳೆಯೋಕೆ ಒಂದು ಮಲ್ಟಿಮೀಟರ್ ತನ್ನಿ, ಅಗ್ಗದ್ದೇ ಸಾಕು. ಬಿಸಿಲಲ್ಲಿ ಚಾರ್ಜ್ ಆಗುತ್ತಿರುವಾಗ ಕಂಟ್ರೋಲರ್‌ನ ಬ್ಯಾಟರಿ ಸ್ಕ್ರೂಗಳ ಮೇಲೆ ಒಮ್ಮೆ, ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೇ ಒಮ್ಮೆ ಅಳೆಯಿರಿ. ಕಂಟ್ರೋಲರ್ ಹತ್ತಿರ 14.4 ವೋಲ್ಟ್, ಬ್ಯಾಟರಿ ಮೇಲೆ 13.6 ಬಂದರೆ ಕಳ್ಳ ಮಧ್ಯದಲ್ಲೇ ಇದ್ದಾನೆ: ತೆಳು ವೈರ್, ಸಡಿಲ ಕ್ಲಾಂಪ್, ಇಲ್ಲಾ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ. ಮೊದಲು ಪ್ಯಾನೆಲ್ ವೈರ್ ಬಿಚ್ಚಿ, ಆಮೇಲೆ ಬ್ಯಾಟರಿಯದು. ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ. ಸೋಡಾ ನೀರು ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿ ಇರಲಿ. ಮತ್ತೆ ಜೋಡಿಸುವಾಗ ಬ್ಯಾಟರಿಯೇ ಮೊದಲು.

ಎರಡೂ ಕಡೆ ಒಂದೇ ಇದ್ದರೆ ಬ್ಯಾಟರಿ ಮೇಲೇ ಅನುಮಾನ. ಒಳಗಿನ ಸೀಸದ ಪ್ಲೇಟಿಗೆ ಸಲ್ಫೇಟ್ (ಬಿಳಿ ಪದರ) ಕಟ್ಟಿದರೆ ವೋಲ್ಟೇಜ್ ಬೇಗ ಏರುತ್ತದೆ, ಕಂಟ್ರೋಲರ್ ಅದನ್ನೇ ಫುಲ್ ಅಂದುಕೊಳ್ಳುತ್ತದೆ. ಸಂಜೆ ಲೋಡ್ ಹಾಕಿ ನೋಡಿ: ಹತ್ತೇ ನಿಮಿಷಕ್ಕೆ 11.5 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಕಥೆ ಮುಗೀತು. ನೀರಿನ ಮಟ್ಟವನ್ನೂ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡವೇ ಬೇಡ. ಹತ್ತಿರ ಬೀಡಿ, ದೀಪ ಇರಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ.

ಆ ಎರಡು ರೀಡಿಂಗ್ ಇಲ್ಲಿ ಹಾಕಿ, ಮುಂದಿನದು ನೋಡೋಣ.