ಆಫ್ರಿಕಕ್ಕಾಗಿ ನಡೆದ ಪೈಪೋಟಿ ಆರಂಭವಾದದ್ದು ಎಲ್ಲಿ?

ಪ್ರಶ್ನೆ: ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನ ದೇಶಗಳು ಆಫ್ರಿಕವನ್ನು ಹಂಚಿಕೊಂಡವು ಎಂದು ಓದಿದ್ದೇವೆ. ಆದರೆ ಪೋರ್ಚುಗೀಸರು ಹದಿನೈದನೆಯ ಶತಮಾನದಿಂದಲೇ ಆ ಕರಾವಳಿಯಲ್ಲಿದ್ದರು. ನಾನೂರು ವರ್ಷ ಕಡಲಂಚಿನಲ್ಲೇ ಉಳಿದವರು ಒಮ್ಮೆಲೇ ಒಳನಾಡಿಗೆ ನುಗ್ಗಲು ಕಾರಣವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬರ್ಲಿನ್ ಸಮ್ಮೇಳನ ನಡೆದದ್ದು 1884ರ ನವೆಂಬರ್ 15ರಿಂದ 1885ರ ಫೆಬ್ರುವರಿ 26ರವರೆಗೆ. ಆ ವೇಳೆಗಾಗಲೇ ಪೈಪೋಟಿಗೆ ಕಾವು ಏರಿತ್ತು. ಅದಕ್ಕೊಂದು ಕಟ್ಟಳೆ ಹಾಕುವ ಸಲುವಾಗಿಯೇ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಸಭೆ ಕರೆದದ್ದು. ಆದ್ದರಿಂದ ಮೂಲವನ್ನು ಅದಕ್ಕೂ ಹಿಂದೆ ಹುಡುಕಬೇಕು.

ಯುರೋಪಿಯನ್ನರು ಕರಾವಳಿಯಲ್ಲೇ ಉಳಿದದ್ದಕ್ಕೆ ಮಲೇರಿಯ ಒಂದು ಕಾರಣ. 1854ರಲ್ಲಿ ನೈಜರ್ ನದಿಯಲ್ಲಿ ಸಾಗಿದ ಬ್ರಿಟಿಷ್ ನೌಕಾಪಡೆಯ ವೈದ್ಯ ಬೈಕಿಯ ತಂಡ ಮುನ್ನೆಚ್ಚರಿಕೆಯಾಗಿ ಕ್ವಿನೈನ್ ಸೇವಿಸಿ ಜ್ವರಕ್ಕೆ ಯಾರೂ ಬಲಿಯಾಗದೆ ಮರಳಿದ ಮೇಲೆ ಆ ಭಯ ತಗ್ಗಿತು. ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಇನ್ನೊಂದು ಕಾರಣವಿದೆ. ಒಳನಾಡಿನ ವ್ಯಾಪಾರವು ಕರಾವಳಿಯ ಆಫ್ರಿಕನ್ ಅರಸರ ಮತ್ತು ವರ್ತಕರ ಹಿಡಿತದಲ್ಲಿತ್ತು. ಮೊದಲು ಗುಲಾಮರು, ಆಮೇಲೆ ತಾಳೆಎಣ್ಣೆ ಅವರ ಕೈ ದಾಟಿಯೇ ಹಡಗು ಸೇರುತ್ತಿದ್ದವು. 1873ರಿಂದ ಯುರೋಪನ್ನು ಆರ್ಥಿಕ ಕುಸಿತ ಆವರಿಸಿ ಲಾಭ ಇಳಿಯತೊಡಗಿದಾಗ, ಈ ಮಧ್ಯವರ್ತಿಗಳನ್ನು ಬದಿಗೊತ್ತಿ ಸರಕಿನ ಮೂಲಕ್ಕೇ ಹೋಗಬೇಕೆಂಬ ಒತ್ತಡ ವರ್ತಕರಲ್ಲಿ ಬೆಳೆಯಿತು.

ಇಷ್ಟರಿಂದಲೇ ಸರ್ಕಾರಗಳು ಅಖಾಡಕ್ಕೆ ಇಳಿಯಲಿಲ್ಲ. ಅವುಗಳನ್ನು ಇಳಿಸಿದ್ದು ಬಹುಮಟ್ಟಿಗೆ ಕಾಂಗೋ ನದಿ ಎಂಬುದು ನನ್ನ ಅಭಿಪ್ರಾಯ. 1877ರಲ್ಲಿ ಅನ್ವೇಷಕ ಸ್ಟಾನ್ಲಿ ಖಂಡವನ್ನು ಅಡ್ಡ ಹಾಯ್ದು ಆ ನದಿಯ ಮುಖ ತಲುಪಿದ. ಬ್ರಿಟನ್ ಆಸಕ್ತಿ ತೋರದಿದ್ದಾಗ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್ ಅವನನ್ನು ತನ್ನ ಕೆಲಸಕ್ಕೆ ನೇಮಿಸಿಕೊಂಡ. ವಿಜ್ಞಾನ ಮತ್ತು ಗುಲಾಮಗಿರಿಯ ನಿರ್ಮೂಲನದ ಹೆಸರಿನಲ್ಲಿ ಲಿಯೊಪೋಲ್ಡ್ 1876ರಲ್ಲೇ ಬ್ರಸೆಲ್ಸ್‌ನಲ್ಲಿ ಒಂದು ಸಂಘ ಕಟ್ಟಿದ್ದ. ಅದರ ಹಿಂದೆ ಇದ್ದದ್ದು ಸ್ವಂತಕ್ಕೊಂದು ವಸಾಹತು ಬೇಕೆಂಬ ಹಂಬಲ. ಸ್ಟಾನ್ಲಿ ನದಿಯ ಕೆಳಭಾಗದಲ್ಲಿ ರಸ್ತೆ ಕಡಿಯುತ್ತಿದ್ದಾಗಲೇ, ಫ್ರೆಂಚ್ ನೌಕಾಪಡೆಯ ಅಧಿಕಾರಿ ಬ್ರಾಝಾ ಬೇರೊಂದು ದಾರಿಯಿಂದ ಬಂದು 1880ರ ಸೆಪ್ಟೆಂಬರಿನಲ್ಲಿ ಟೇಕೆ ಜನರ ಅರಸ ಮಕೋಕೊನೊಂದಿಗೆ ಒಪ್ಪಂದ ಮಾಡಿಕೊಂಡ. ಮರುವರ್ಷ ಸ್ಟಾನ್ಲಿ ಅಲ್ಲಿಗೆ ತಲುಪಿದಾಗ ಅವನನ್ನು ಎದುರುಗೊಂಡದ್ದು, ಬೆರಳೆಣಿಕೆಯ ಜನರೊಡನೆ ಫ್ರೆಂಚ್ ಧ್ವಜ ಕಾಯುತ್ತಿದ್ದ ಮಲಮೀನ್ ಎಂಬ ಸೆನೆಗಲ್ಲಿನ ಸಾರ್ಜೆಂಟ್.

ಆ ಒಪ್ಪಂದ ಪ್ಯಾರಿಸ್ಸಿನಲ್ಲಿ ಮೂಲೆ ಸೇರಬಹುದಿತ್ತು. ಆದರೆ ಭಾರತಕ್ಕೆ ಹೋಗುವ ಸೂಯೆಜ್ ದಾರಿಯ ಚಿಂತೆಯಲ್ಲಿದ್ದ ಬ್ರಿಟನ್ 1882ರ ಸೆಪ್ಟೆಂಬರಿನಲ್ಲಿ ಈಜಿಪ್ಟನ್ನು ವಶಪಡಿಸಿಕೊಂಡಿತು. ಅಲ್ಲಿ ತನಗೂ ಸಮಪಾಲು ಇದೆಯೆಂದು ಭಾವಿಸಿದ್ದ ಫ್ರಾನ್ಸಿನಲ್ಲಿ ಆಕ್ರೋಶವೆದ್ದಿತು; ಅದೇ ನವೆಂಬರಿನಲ್ಲಿ ಅಲ್ಲಿನ ಸಂಸತ್ತು ಮಕೋಕೊ ಒಪ್ಪಂದವನ್ನು ಅನುಮೋದಿಸಿತು. ಒಬ್ಬರ ಹೆಜ್ಜೆ ಇನ್ನೊಬ್ಬರನ್ನು ಎಬ್ಬಿಸುವ ಸರಣಿ ಇಲ್ಲಿಂದ ಕಣ್ಣಿಗೆ ಕಾಣತೊಡಗುತ್ತದೆ. ಫ್ರಾನ್ಸನ್ನು ತಡೆಯಲು ಬ್ರಿಟನ್ 1884ರ ಫೆಬ್ರುವರಿಯಲ್ಲಿ ಕಾಂಗೋ ಮುಖದ ಮೇಲೆ ಪೋರ್ಚುಗಲ್‌ಗಿದ್ದ ಹಳೆಯ ಹಕ್ಕನ್ನು ಮಾನ್ಯ ಮಾಡಿತು, ಉಳಿದವರು ಪ್ರತಿಭಟಿಸಿದರು, ಅಲ್ಲಿಯವರೆಗೆ ವಸಾಹತುಗಳ ಗೊಡವೆಗೆ ಹೋಗದಿದ್ದ ಜರ್ಮನಿ ಅದೇ ವರ್ಷ ನೈರುತ್ಯ ಆಫ್ರಿಕ, ಟೋಗೊ, ಕ್ಯಾಮರೂನ್‌ಗಳಲ್ಲಿ ಬಾವುಟ ನೆಟ್ಟಿತು.

ಬರ್ಲಿನ್ನಿನಲ್ಲಿ 14 ದೇಶಗಳು ಕೂತವು, ಆಫ್ರಿಕದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಇಂದು ನಾವು ಕಾಣುವ ಗಡಿಗಳಲ್ಲಿ ಹೆಚ್ಚಿನವು ಅನಂತರದ ವರ್ಷಗಳಲ್ಲಿ ಎರಡೆರಡು ದೇಶಗಳ ನಡುವಿನ ಒಪ್ಪಂದಗಳಿಂದ ಮೂಡಿದವು.

ಪ್ರಶ್ನೆ: ಆಫ್ರಿಕದ ಅರಸರು ಇಂತಹ ಒಪ್ಪಂದಗಳಿಗೆ ತಾವಾಗಿಯೇ ಸಹಿ ಹಾಕಿದರೇ?
– ಮತ್ತೊಬ್ಬ ಓದುಗರು, ಧಾರವಾಡ

ಉತ್ತರ: ಹಲವರು ಹಾಕಿದರು, ತಮ್ಮದೇ ಲೆಕ್ಕಾಚಾರದಿಂದ. ಅವರನ್ನು ಏನೂ ತಿಳಿಯದ ಮುಗ್ಧರೆಂದು ಚಿತ್ರಿಸುವುದು ಅನ್ಯಾಯ. ಕ್ಯಾಮರೂನಿನ ಡುವಾಲ ಜನರ ಅರಸರಾದ ಬೆಲ್ ಮತ್ತು ಅಕ್ವಾ ಅವರು ಮೊದಲು ವಿಕ್ಟೋರಿಯಾ ರಾಣಿಯ ಆಶ್ರಯ ಕೋರಿ ಪತ್ರ ಬರೆದಿದ್ದರು. ಬ್ರಿಟನ್ ವರ್ಷಗಟ್ಟಲೆ ಮೀನಮೇಷ ಎಣಿಸಿ ಕೊನೆಗೆ ಕಳುಹಿಸಿದ ಕಾನ್ಸಲ್ ಹ್ಯೂವೆಟ್ 1884ರ ಜುಲೈನಲ್ಲಿ ಅಲ್ಲಿಗೆ ಬಂದಿಳಿಯುವ ಕೆಲವೇ ದಿನ ಮುಂಚೆ ಅವರು ಜರ್ಮನರೊಂದಿಗೆ ಸಹಿ ಹಾಕಿಯಾಗಿತ್ತು. ಒಳನಾಡಿನ ವ್ಯಾಪಾರ ತಮ್ಮಲ್ಲೇ ಉಳಿಯಬೇಕು, ತಾವು ಬಾಳುವ ನೆಲವನ್ನು ಯಾರೂ ಕಸಿಯಬಾರದು ಎಂಬುದು ಅವರು ಮುಂದಿಟ್ಟ ಷರತ್ತು. ಜರ್ಮನರು ಮೊದಲನೆಯದನ್ನು ಬೇಗನೆ ಮುರಿದರು. ಎರಡನೆಯದನ್ನು ಮುರಿದು ಡುವಾಲ ಊರಿನ ನೆಲವನ್ನು ಕಿತ್ತುಕೊಳ್ಳಲು ಹೊರಟಾಗ, ಸಹಿ ಹಾಕಿದ ಬೆಲ್ ಅರಸನ ಮೊಮ್ಮಗ ರುಡಾಲ್ಫ್ ಡುವಾಲ ಮಂಗ ಬೆಲ್ ಅದೇ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡು ಜರ್ಮನ್ ಸಂಸತ್ತಿಗೆ ಅಹವಾಲು ಸಲ್ಲಿಸಿದ. 1914ರ ಆಗಸ್ಟ್ 8ರಂದು ರಾಜದ್ರೋಹದ ಆಪಾದನೆ ಹೊರಿಸಿ ಅವನನ್ನು ಗಲ್ಲಿಗೇರಿಸಲಾಯಿತು.