ಹಾರರ್ ಕಿರುಚಿತ್ರದಲ್ಲಿ ಹಳೆಯ ಸಿನಿಮಾಗಳನ್ನು ನಕಲು ಅನ್ನಿಸದಂತೆ ನೆನೆಯುವುದು ಹೇಗೆ?

ಬಸವನಗುಡಿಯ ಹಳೇ ಮನೆಯಲ್ಲಿ ಹಾರರ್ ಕಿರುಚಿತ್ರ ತೆಗೆಯುತ್ತಿದ್ದೀರಿ. ಇಷ್ಟದ ಸಿನಿಮಾಗಳ ನೆನಪು ಅದರಲ್ಲಿ ಬರಬೇಕು, ಆದರೆ ಕದ್ದರು ಅನ್ನಿಸಿಕೊಳ್ಳಬಾರದು ಎಂದು ಕೇಳಿದ್ದೀರಿ. ನಾನು ನೋಡುವುದು ಒಂದೇ: ಮೂಲವನ್ನು ನೋಡದವರೂ ಆ ಶಾಟ್‌ಗೆ ಹೆದರಬೇಕು. ಗುರುತು ಹಿಡಿದವರ ಖುಷಿ ಆಮೇಲಿನದು.

ತೀರಾ ಸುಲಭದ್ದು ಹಿನ್ನೆಲೆಯಲ್ಲಿ ವಸ್ತು ಇಡುವುದು. ವೆಸ್ ಕ್ರೇವನ್ ‘ದಿ ಹಿಲ್ಸ್ ಹ್ಯಾವ್ ಐಸ್’ನಲ್ಲಿ (1977) ‘ಜಾಸ್’ ಚಿತ್ರದ ಹರಿದ ಪೋಸ್ಟರ್ ಇಟ್ಟರು. ಸ್ಯಾಮ್ ರೈಮಿ ‘ದಿ ಈವಿಲ್ ಡೆಡ್’ನ (1981) ನೆಲಮಾಳಿಗೆಯಲ್ಲಿ ಕ್ರೇವನ್ನರ ಆ ಚಿತ್ರದ್ದೇ ಹರಿದ ಪೋಸ್ಟರ್ ಹಾಕಿದರು. ಕ್ರೇವನ್ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ (1984) ಟಿವಿಯಲ್ಲಿ ‘ಈವಿಲ್ ಡೆಡ್’ ಓಡಿಸಿದರು. ರೈಮಿ ತಮ್ಮ ಎರಡನೇ ಭಾಗದಲ್ಲಿ (1987) ‘ಎಲ್ಮ್ ಸ್ಟ್ರೀಟ್’ನ ಕೊಲೆಗಾರ ಫ್ರೆಡ್ಡಿಯ ಕೈಗವಸು ನೇತುಹಾಕಿದರು. ಯಾವುದೂ ಕತೆಗೆ ಅಡ್ಡ ಬರಲಿಲ್ಲ, ಅದಕ್ಕೇ ಚೆಂದ. ಹೆಸರುಗಳೂ ಹೀಗೆ ದಾಟುತ್ತವೆ. ‘ಸೈಕೋ’ದ (1960) ಲೂಮಿಸ್ ‘ಹ್ಯಾಲೋವೀನ್’ನಲ್ಲಿ (1978) ಡಾಕ್ಟರ್ ಆಗುತ್ತಾನೆ, ‘ಸ್ಕ್ರೀಮ್’ನಲ್ಲಿ (1996) ನಾಯಕಿಯ ಗೆಳೆಯನಾಗುತ್ತಾನೆ. ಟಿವಿಯಲ್ಲಿ ಬೇರೆಯವರ ದೃಶ್ಯ ಓಡಿಸುವುದಾದರೆ ಮಾತ್ರ ಅನುಮತಿ ಪಡೆಯಿರಿ.

ಶಾಟ್ ಎರವಲು ಪಡೆಯುವುದೇ ನಿಜವಾದ ಕೆಲಸ. ಡಾಲಿ ಜೂಮ್ ನೋಡಿ, ಅಂದರೆ ಕ್ಯಾಮೆರಾ ಒಂದು ಕಡೆ ಸರಿಯುವಾಗಲೇ ಜೂಮ್ ಅದಕ್ಕೆ ವಿರುದ್ಧವಾಗಿ ಹೋಗುವುದು. ‘ವರ್ಟಿಗೋ’ (1958) ಅದನ್ನು ಬಳಸಿದ್ದು ಪಾತ್ರ ಮೇಲಿಂದ ಇಣುಕಿದಾಗ ಕಾಣುವ ಮೆಟ್ಟಿಲುಗಳ ಆಳಕ್ಕೆ. ‘ಜಾಸ್’ (1975) ಅದನ್ನೇ ನೋಡುವವನ ಮುಖದತ್ತ ತಿರುಗಿಸಿತು. ತಂತ್ರ ಹಳೆಯದು, ಅದರಿಂದ ಮಾಡಿಸಿದ ಕೆಲಸ ಹೊಸದು. ಇದೇ ಗೌರವದ ಎರವಲು ಎಂದು ನಾನು ನಂಬುತ್ತೇನೆ.

ಮಾಡುವ ಬಗೆ: ಮುಖದಿಂದ 2 ಮೀಟರ್ ದೂರದಲ್ಲಿ 70 ಎಂಎಂ ಫೋಕಲ್ ಲೆಂತ್‌ನಿಂದ (ಲೆನ್ಸ್ ಎಷ್ಟು ಹತ್ತಿರ ತೋರಿಸುತ್ತದೆ ಎನ್ನುವ ಅಳತೆ) ಶುರು ಮಾಡಿ, 1 ಮೀಟರಿಗೆ ಬರುವಷ್ಟರಲ್ಲಿ 35 ಎಂಎಂಗೆ ಇಳಿಸಿ. ದೂರ ಅರ್ಧವಾದರೆ ಫೋಕಲ್ ಲೆಂತ್ ಕೂಡ ಅರ್ಧ. ಆಗ ಮುಖದ ಗಾತ್ರ ಹಾಗೇ ಉಳಿದು ಹಿಂದಿನ ಪಡಸಾಲೆ ದೂರ ಸರಿಯುತ್ತದೆ. ಕ್ಯಾಮೆರಾ ಸರಿಸುವುದು, ಜೂಮ್ ತಿರುಗಿಸುವುದು ಎರಡೂ ಒಟ್ಟಿಗೆ ಕಷ್ಟವಾದರೆ 35 ಎಂಎಂ ಲೆನ್ಸ್ ಒಂದನ್ನೇ ಹಾಕಿ 4ಕೆಯಲ್ಲಿ ತೆಗೆಯಿರಿ. ಎಡಿಟಿಂಗ್‌ನಲ್ಲಿ 1080ಪಿ ಟೈಮ್‌ಲೈನ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿದ ಚಿತ್ರದಿಂದ ಶುರುಮಾಡಿ ಪೂರ್ತಿ ಫ್ರೇಮಿಗೆ ಇಳಿಸಿ. ಕ್ಯಾಮೆರಾದ ವೇಗ ಒಂದೇ ಸಮ ಇದ್ದರೆ ಆರಂಭಕ್ಕೊಂದು, ಕೊನೆಗೊಂದು ಕೀಫ್ರೇಮ್ (ಚಿತ್ರದ ಗಾತ್ರ ಆ ಕ್ಷಣಕ್ಕೆ ಎಷ್ಟಿರಬೇಕೆಂಬ ಗುರುತು) ಸಾಕು.

ಹೆಚ್ಚಾಗಿ ಕೆಡುವುದು ಹಿನ್ನೆಲೆಯಿಂದ. ನಟಿಯ ಬೆನ್ನಿಗೇ ಬೋಳು ಗೋಡೆ ಇದ್ದರೆ ಏನೂ ಕಾಣುವುದಿಲ್ಲ. ಹಿಂದೆ ಐದಾರು ಮೀಟರ್ ಆಳ ಬೇಕು, ಅಲ್ಲಿ ಕಂಬ, ಕಿಟಕಿಯ ಸರಳುಗಳಂಥ ಗೆರೆಗಳಿರಬೇಕು. ಕ್ಯಾಮೆರಾ ಒಂದು ಮೀಟರ್ ಸರಿಯಬೇಕು, ಅದಕ್ಕೆ 60 ಸೆಂಟಿಮೀಟರಿನ ಸ್ಲೈಡರ್ (ಕ್ಯಾಮೆರಾ ಜಾರಿಸುವ ಹಳಿ) ಸಾಲದು. ಆಟೋಫೋಕಸ್ ನಡುವೆ ತಡಕಾಡುತ್ತದೆ, ಆದ್ದರಿಂದ ಆಫ್ ಮಾಡಿ, 2, 1.5, 1 ಮೀಟರಿಗೆ ನೆಲದಲ್ಲಿ ಟೇಪ್ ಅಂಟಿಸಿ ಫೋಕಸ್ ಅನ್ನು ಕೈಯಿಂದಲೇ ತಿರುಗಿಸಿ. ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್‌ಗಳಲ್ಲಿ ಜೂಮ್ ಬದಲಾದಂತೆ ಬೆಳಕೂ ಬದಲಾಗುತ್ತದೆ. ಬೆಳಕು ಒಳಬಿಡುವ ಅಪರ್ಚರ್ ಅನ್ನು ಎಫ್/5.6ರಲ್ಲೋ ಎಫ್/8ರಲ್ಲೋ ನಿಲ್ಲಿಸಿ, ಕಡಿಮೆಯಾಗುವ ಬೆಳಕನ್ನು ದೀಪದಿಂದ ತುಂಬಿ.

ಶಾಟ್‌ಗೆ ಶಾಟ್ ಹೊಂದಿಸುವ ಹಾದಿ ಮಾತ್ರ ಬೇಡ. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ‘ಸೈಕೋ’ವನ್ನು ಬಣ್ಣದಲ್ಲಿ ಹೆಚ್ಚುಕಡಿಮೆ ಹಾಗೇ ಮತ್ತೆ ತೆಗೆದರು, ಭಯ ಮಾತ್ರ ಬರಲಿಲ್ಲ. ಕಾನೂನಿನ ಗೆರೆಯೂ ಇಲ್ಲೇ ಬೀಳುತ್ತದೆ: ಆರ್. ಜಿ. ಆನಂದ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್ ಹೇಳಿದಂತೆ, ಕಾಪಿರೈಟ್ ಇರುವುದು ಕಲ್ಪನೆಗಲ್ಲ, ಅದನ್ನು ಹೇಳಿದ ರೀತಿಗೆ.

ಇನ್ನೊಂದು ವಿಷಯ. 90ರ ದಶಕದ ಬೆಂಗಳೂರಿನಲ್ಲಿ ದೆವ್ವ ಬಾರದಂತೆ ಬಾಗಿಲ ಮೇಲೆ ಬರೆಸಿದ ‘ನಾಳೆ ಬಾ’ ವದಂತಿ ಯಾರ ಸ್ವತ್ತೂ ಅಲ್ಲ. ಬಾಗಿಲ ಮೇಲಿನ ಅಂಥದೇ ಬರಹವನ್ನು ಹಿಂದಿಯ ‘ಸ್ತ್ರೀ’ (2018) ಚಂದೇರಿಗೆ ಒಯ್ದಿತು. ಅದನ್ನು ನೀವು ಮರಳಿ ಇಲ್ಲಿಗೆ ತಂದರೆ ಬರಹ ಫೋಕಸ್ ಇಲ್ಲದೆ ಪಾತ್ರದ ಹಿಂದಿರಲಿ, ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಿಂದ ಅರ್ಧ ಒರೆಸಿ, ಅದರ ಬಗ್ಗೆ ಯಾವ ಪಾತ್ರದ ಬಾಯಲ್ಲೂ ಮಾತು ಹಾಕಬೇಡಿ.