ವಾಹನ ಪ್ರಶ್ನೋತ್ತರ: ಎತ್ತರಿಸಿದ ಗಾಡಿಯ ಆಕ್ಸಲ್ ಬೂಟ್ ಪದೇ ಪದೇ ಹರಿಯುವುದೇಕೆ?

ಪ್ರಶ್ನೆ: ನನ್ನ ಬಳಿ 2021ರ ಮಹೀಂದ್ರ ಥಾರ್ ಇದೆ. ತೋಟದ ಓಡಾಟಕ್ಕೂ, ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಹೋಗಿಬರುವುದಕ್ಕೂ ಅದನ್ನೇ ಬಳಸುತ್ತೇನೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಎರಡು ಇಂಚು ಲಿಫ್ಟ್ ಮಾಡಿಸಿದೆ. ಮುಂದಿನ ಷಾಕ್ ಅಬ್ಸಾರ್ಬರ್‌ಗಳ ತಲೆಯ ಮೇಲೆ ಲೋಹದ ಬಿಲ್ಲೆ ಕೂರಿಸಿದ್ದಾರೆ. ಅಲ್ಲಿಂದೀಚೆಗೆ ಎಂಟು ತಿಂಗಳಲ್ಲಿ ಎಡಚಕ್ರದ ಬಳಿಯ ರಬ್ಬರ್ ಬೂಟ್ (ಆಕ್ಸಲ್ ಶಾಫ್ಟ್‌ನ ಕೀಲನ್ನು ಮುಚ್ಚುವ, ಮಡಿಕೆ ಮಡಿಕೆಯಾದ ಚೀಲ) ಎರಡು ಸಲ ಹರಿದಿದೆ. ಎರಡು ಸಲವೂ ಚಾಕುವಿನಿಂದ ಕೊಯ್ದ ಹಾಗೆ ಮಡಿಕೆಯ ಸುತ್ತ ಸೀಳಿತ್ತು. ಮೊದಲ ಸಲ ಹರಿದಾಗಲೇ ‘ಗಟ್ಟಿ ಬೂಟ್’ ಎಂದು ಹೇಳಿ ಬೇರೊಂದನ್ನು ಹಾಕಿದ್ದರು, ಅದೂ ಉಳಿಯಲಿಲ್ಲ. ಇದಕ್ಕಿಂತ ಗಟ್ಟಿಯಾದ ಬೂಟ್ ಎಲ್ಲಿಯಾದರೂ ಸಿಗುತ್ತದೆಯೇ?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಸಿಗಬಹುದು, ಆದರೆ ಅದು ನಿಮ್ಮ ತೊಂದರೆಯನ್ನು ಕೆಲವು ತಿಂಗಳು ಮುಂದೂಡುತ್ತದೆಯೇ ಹೊರತು ಬಗೆಹರಿಸುವುದಿಲ್ಲ. ಬೂಟ್ ಎಲ್ಲಿ ಹರಿದಿದೆ ಎಂಬುದನ್ನು ನೀವು ಗಮನಿಸಿ ಬರೆದಿರುವುದು ಒಳ್ಳೆಯದಾಯಿತು, ಏಕೆಂದರೆ ಹರಿದ ಜಾಗವೇ ಕಾರಣವನ್ನು ಹೇಳುತ್ತದೆ. ಕಾಫಿ ಗಿಡದ ಕೊರಡೋ ಲಂಟಾನದ ಕಡ್ಡಿಯೋ ಚುಚ್ಚಿದ್ದರೆ ಒಂದೇ ಕಡೆ ತೂತು ಬೀಳುತ್ತದೆ. ಬೂಟ್‌ನ ತುದಿಯನ್ನು ಬಿಗಿಹಿಡಿಯುವ ಕ್ಲಾಂಪ್ ಓರೆಯಾಗಿದ್ದರೆ ಅಂಚಿನಲ್ಲಿ ಸೀಳುತ್ತದೆ. ಮಡಿಕೆಯ ಸುತ್ತಲೂ ಉಂಗುರದಂತೆ ಸೀಳಿದೆ ಎಂದರೆ ಮಡಿಕೆಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಸವೆದುಹೋಗಿವೆ ಎಂದರ್ಥ. ಹಾಗೆ ಉಜ್ಜುವಂತೆ ಮಾಡಿರುವುದು ನೀವು ಹಾಕಿಸಿದ ಲಿಫ್ಟ್‌ನಿಂದ ಹೆಚ್ಚಿದ ಶಾಫ್ಟ್‌ನ ಓರೆ.

ಥಾರ್‌ನ ಮುಂದಿನ ಚಕ್ರಗಳು ಒಂದೊಂದೂ ಪ್ರತ್ಯೇಕವಾಗಿ ಏರಿಳಿಯುತ್ತವೆ. ಆದರೆ ಅವುಗಳಿಗೆ ಶಕ್ತಿ ಕೊಡುವ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುತ್ತದೆ. ಗಾಡಿಯನ್ನು ಎತ್ತರಿಸಿದಾಗ ಚಾಸಿಯೊಂದಿಗೆ ಡಿಫರೆನ್ಷಿಯಲ್ ಕೂಡ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ, ಎರಡನ್ನೂ ಸೇರಿಸುವ ಶಾಫ್ಟ್ ಇಳಿಜಾರಾಗುತ್ತದೆ. ಶಾಫ್ಟ್‌ನ ಎರಡು ತುದಿಯ ಕೀಲುಗಳ ನಡುವಿನ ಅಂತರ 40 ಸೆಂ.ಮೀ. ಎಂದು ಇಟ್ಟುಕೊಂಡರೆ, 5 ಸೆಂ.ಮೀ. ಎತ್ತರಿಸಿದ್ದಕ್ಕೆ ಪ್ರತಿ ಕೀಲಿನ ಕೋನವೂ ಸುಮಾರು 7 ಡಿಗ್ರಿಯಷ್ಟು ಹೆಚ್ಚುತ್ತದೆ. ಚಕ್ರದ ಬಳಿಯ ಕೀಲು, ಅಂದರೆ ಸಿವಿ ಜಾಯಿಂಟ್, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಇದರ ಹಲವು ಪಟ್ಟು ಕೋನವನ್ನು ತಾಳಿಕೊಳ್ಳುವಂತೆ ಮಾಡಿದ್ದು, ಹಾಗಿರುವಾಗ 7 ಡಿಗ್ರಿ ಯಾವ ಲೆಕ್ಕ ಎಂದು ಗ್ಯಾರೇಜಿನವರು ಹೇಳುವುದುಂಟು. ಲೋಹದ ಕೀಲಿಗೆ ಸಂಬಂಧಿಸಿದಂತೆ ಆ ಮಾತು ಬಹುಮಟ್ಟಿಗೆ ಸರಿ. ಬೂಟ್‌ಗೆ ಸರಿಯಲ್ಲ. ಸ್ಟೀರಿಂಗ್ ತಿರುವು ಕ್ಷಣಕಾಲದ್ದು, ಲಿಫ್ಟ್‌ನಿಂದ ಬಂದ ಓರೆ ಗಾಡಿ ನೇರವಾಗಿ ಓಡುವಾಗಲೂ ಇರುತ್ತದೆ. ಶಾಫ್ಟ್ ಓರೆಯಾಗಿ ತಿರುಗುವಾಗ ಬೂಟ್‌ನ ಒಂದು ಮಗ್ಗುಲಿನ ಮಡಿಕೆಗಳು ಒತ್ತಿಕೊಂಡರೆ ಎದುರು ಮಗ್ಗುಲಿನವು ಹಿಗ್ಗುತ್ತವೆ, ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಮಡಿಕೆಯೂ ಒಮ್ಮೆ ಮುಚ್ಚಿ ತೆರೆಯುತ್ತದೆ. ಥಾರ್‌ನ 255/65 ಆರ್18 ಅಳತೆಯ ಟಯರ್ ಒಂದು ಕಿಲೋಮೀಟರಿಗೆ ಸುಮಾರು 400 ಸುತ್ತು ತಿರುಗುತ್ತದೆ. ಸಕಲೇಶಪುರದಿಂದ ಬೆಂಗಳೂರಿಗೆ 220 ಕಿ.ಮೀ. ಎಂದು ಹಿಡಿದರೆ ಒಂದೇ ಪಯಣದಲ್ಲಿ 88 ಸಾವಿರ ಬಾರಿ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಟೂ-ಹೈ ಗೇರಿನಲ್ಲಿ ಹೋದರೂ ಶಾಫ್ಟ್ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ. ತೋಟದ ಹಾದಿಯೇ ಬೂಟನ್ನು ಕೊಂದಿತು ಎಂದು ನೀವು ಭಾವಿಸಿರಬಹುದು, ಆದರೆ ನನ್ನ ಅಂದಾಜಿನಲ್ಲಿ ಹೆಚ್ಚು ಸವೆಸಿದ್ದು ಹೆದ್ದಾರಿ. ತೋಟದ ಕೆಂಪು ಮಣ್ಣು ಮಡಿಕೆಯ ನಡುವೆ ಒಣಗಿ ಕೂತು ಉಪ್ಪುಕಾಗದದ ಕೆಲಸವನ್ನು ಮಾಡಿಕೊಟ್ಟಿದೆ.

ಇನ್ನು ನಿಮ್ಮ ಲಿಫ್ಟ್‌ನ ಬಗೆ. ಷಾಕ್‌ನ ತಲೆಯ ಮೇಲೆ ಬಿಲ್ಲೆ ಇಡುವುದು ಅಗ್ಗದ ದಾರಿ. ಅದರಿಂದ ನಿಂತ ಎತ್ತರ ಹೆಚ್ಚುವುದಷ್ಟೇ ಅಲ್ಲ, ಇಡೀ ಷಾಕ್ ಕೆಳಗೆ ಸರಿಯುವುದರಿಂದ ಚಕ್ರ ಗಾಳಿಯಲ್ಲಿ ತೂಗಿದಾಗ ಕಂಪನಿ ನಿಗದಿ ಮಾಡಿದ ಮಿತಿಗಿಂತಲೂ ಕೆಳಗೆ ಇಳಿಯುತ್ತದೆ. ಷಾಕ್ ಚಕ್ರವನ್ನು ಹಿಡಿದಿರುವ ಕೆಳತೋಳಿನ ನಡುವೆ ಕೂತಿರುವ ಕಾರಣ ಬಿಲ್ಲೆ ಒಂದು ಇಂಚು ದಪ್ಪವಿದ್ದರೆ ಚಕ್ರದ ಬಳಿ ಅದಕ್ಕಿಂತ ಹೆಚ್ಚೇ ಇಳಿತ ಕಾಣುತ್ತದೆ. ಹಳ್ಳ ದಾಟುವಾಗ ಒಂದು ಮುಂದಿನ ಚಕ್ರ ತೂಗುತ್ತಿದ್ದು, ಸ್ಟೀರಿಂಗ್ ಪೂರ್ತಿ ತಿರುಗಿದ್ದು, ಆಗಲೇ ಚಾಲಕ ಆಕ್ಸಿಲೇಟರ್ ಒತ್ತಿದರೆ ಬೂಟ್‌ಗೂ ಕೀಲಿಗೂ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಇದರ ಬದಲು ಎತ್ತರ ಹೆಚ್ಚಿಸಲು ಸ್ಪ್ರಿಂಗ್ ಮಾತ್ರ ಬದಲಿಸಿ, ಷಾಕ್‌ನ ಪೂರ್ತಿ ಹಿಗ್ಗಿದ ಉದ್ದವನ್ನು ಮೂಲದಷ್ಟೇ ಉಳಿಸಿಕೊಂಡರೆ ನಿಂತ ಕೋನ ಹೆಚ್ಚಿದರೂ ಕೊನೆಯ ಮಿತಿ ಮೀರುವುದಿಲ್ಲ.

ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಲಿಫ್ಟನ್ನು ಅರ್ಧಕ್ಕೆ ಇಳಿಸುವುದು. ಥಾರ್‌ನ ನೆಲದ ಅಂತರ ಕಂಪನಿಯಿಂದಲೇ 226 ಮಿ.ಮೀ. ಇದೆ, ತೋಟದ ಓಡಾಟಕ್ಕೆ ಅದಕ್ಕಿಂತ ಎರಡು ಇಂಚು ಹೆಚ್ಚು ಬೇಕಾಗುವ ಜಾಗ ಎಷ್ಟಿದೆ ಎಂದು ನೀವೇ ಲೆಕ್ಕ ಹಾಕಿ. ಸ್ವಲ್ಪ ದೊಡ್ಡ ಟಯರ್ ಹಾಕಿದರೆ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು ಎತ್ತರ ಶಾಫ್ಟ್‌ನ ಕೋನವನ್ನು ಒಂದಿಷ್ಟೂ ಬದಲಿಸದೆ ಸಿಗುತ್ತದೆ. ಎರಡು ಇಂಚು ಬೇಕೇ ಬೇಕು ಎನ್ನುವುದಾದರೆ ಡಿಫರೆನ್ಷಿಯಲ್ ಕೂರುವ ಬೋಲ್ಟುಗಳ ನಡುವೆ ತುಂಡುಗಳನ್ನಿಟ್ಟು ಅದನ್ನು ಒಂದು ಇಂಚು ಕೆಳಗಿಳಿಸುವ ವ್ಯವಸ್ಥೆ ನಿಮ್ಮ ಮಾದರಿಗೆ ಹೊಂದುತ್ತದೆಯೇ ವಿಚಾರಿಸಿ; ಹೆಚ್ಚಿದ ಕೋನ ಸರಿಸುಮಾರು ಅರ್ಧವಾಗುತ್ತದೆ. ಡಿಫರೆನ್ಷಿಯಲ್‌ನ ಕೆಳಗಿನ ಅಂತರದಲ್ಲಿ ಅಷ್ಟೇ ಕಳೆದುಕೊಳ್ಳುತ್ತೀರಿ ಎಂಬುದನ್ನು ಮಾತ್ರ ಮರೆಯಬೇಡಿ. (ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದಲ್ಲಿರುವ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಇನ್ನಷ್ಟು ಖರ್ಚು ಮಾಡುವ ಮೊದಲು ಆ ಬಗ್ಗೆಯೂ, ವಿಮೆಯ ಬಗ್ಗೆಯೂ ವಿಚಾರಿಸಿಕೊಳ್ಳುವುದು ಕ್ಷೇಮ.)

ಇದಾದ ಮೇಲೆ ಬೂಟ್‌ನ ವಿಚಾರ. ಅಸಲಿ ಬೂಟನ್ನೇ ಹಾಕಿಸಿ; ಶಾಫ್ಟ್ ಬಿಚ್ಚುವ ಶ್ರಮ ಉಳಿಸಲು ಸೀಳಿ ಅಂಟಿಸುವ ಬೂಟ್ ಎತ್ತರಿಸಿದ ಗಾಡಿಗೆ ತಕ್ಕದ್ದಲ್ಲ. ಎರಡೂ ಕ್ಲಾಂಪ್‌ಗಳು ಲೋಹದ ಪಟ್ಟಿಯವಾಗಿರಲಿ, ಪ್ಲಾಸ್ಟಿಕ್ ಟೈ ಬೇಡ. ಕೂರಿಸುವಾಗ ಕಿರಿದಾದ ತುದಿಯ ಕ್ಲಾಂಪ್ ಬಿಗಿಯುವ ಮೊದಲು ಮೊಂಡು ತುದಿಯ ಸ್ಕ್ರೂಡ್ರೈವರ್‌ನಿಂದ ಬೂಟ್‌ನ ತುಟಿಯನ್ನು ಸ್ವಲ್ಪ ಎತ್ತಿ ಒಳಗಿನ ಗಾಳಿಯನ್ನು ಹೊರಬಿಡಬೇಕು. ಗಾಳಿ ಸಿಕ್ಕಿಕೊಂಡರೆ ಬೂಟ್ ಉಬ್ಬುತ್ತದೆ, ಒಳಗೆ ನಿರ್ವಾತವಾದರೆ ಮಡಿಕೆಗಳು ಒಳಕ್ಕೆ ಕುಸಿದು ಶಾಫ್ಟ್‌ಗೇ ತಾಗುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕಿರಿದಾದ ತುದಿ ಕೂರಲು ಶಾಫ್ಟ್‌ನಲ್ಲಿ ಗೀರು ಕೊರೆದಿರದೆ ನುಣ್ಣಗಿದ್ದರೆ, ಆ ತುದಿಯನ್ನು ಕೀಲಿನಿಂದ ಕೆಲವು ಮಿಲಿಮೀಟರ್ ದೂರಕ್ಕೆ ಎಳೆದು ಬಿಗಿದಾಗ ಮಡಿಕೆಗಳ ನಡುವೆ ಬಿಡುವು ಹುಟ್ಟುತ್ತದೆ, ಉಜ್ಜುವುದು ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಗೀರು ಇದ್ದರೆ ಈ ಪ್ರಯೋಗ ಬೇಡ, ಬೂಟ್ ಜಾರುತ್ತದೆ. ಮಡಿಕೆಗಳ ಹೊರಮೈಗೆ ಆಗಾಗ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆದರೆ ಉಜ್ಜಾಟ ಇನ್ನಷ್ಟು ತಗ್ಗುತ್ತದೆ. ಡೀಸೆಲ್, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ರಬ್ಬರನ್ನು ಹಾಳುಮಾಡುತ್ತವೆ. ಗಾಡಿ ತೊಳೆಯುವ ಹುಡುಗರ ಕೈಗೆ ಇವನ್ನು ಕೊಡಬೇಡಿ.

ಕೆಸರಿನಲ್ಲಿ ಓಡಿಸಿದ ದಿನವೇ, ಮಣ್ಣು ಒಣಗುವ ಮೊದಲೇ, ಚಕ್ರದ ಒಳಬದಿಗೆ ಸಾದಾ ಪೈಪಿನಲ್ಲಿ ನೀರು ಬಿಡಿ. ಪ್ರೆಷರ್ ವಾಷರ್‌ನ ಮೂತಿಯನ್ನು ಕ್ಲಾಂಪ್‌ನ ಹತ್ತಿರ ಹಿಡಿದರೆ ನೀರು ಒಳಗೆ ನುಗ್ಗುತ್ತದೆ. ತಿಂಗಳಿಗೊಮ್ಮೆ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಮಡಿಕೆಯ ಏಣಿನ ಮೇಲೆ ಹೊಳೆಯುವ ಗೆರೆ ಕಂಡರೆ ಉಜ್ಜಾಟ ಶುರುವಾಗಿದೆ. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸ್ ಚಿಮ್ಮಿದ ಗುರುತು ಕಂಡರೆ ತಡವಾಗಿದೆ.

ಪ್ರಶ್ನೆ: ನನ್ನದು ಮಾರುತಿ ಜಿಮ್ನಿ. ಲಿಫ್ಟ್ ಮಾಡಿಸಿದರೆ ಇದೇ ತೊಂದರೆ ಬರುತ್ತದೆಯೇ?
— ಓದುಗರು, ಮಡಿಕೇರಿ

ಉತ್ತರ: ಬರುವುದಿಲ್ಲ. ಜಿಮ್ನಿಯ ಮುಂದೆಯೂ ಎರಡು ಚಕ್ರಗಳನ್ನು ಒಂದೇ ತೊಲೆಯಂತೆ ಸೇರಿಸುವ ಅಖಂಡ ಆಕ್ಸಲ್ ಇದೆ. ಗಾಡಿಯ ಮೈ ಎಷ್ಟೇ ಮೇಲೆ ಹೋದರೂ ಡಿಫರೆನ್ಷಿಯಲ್ ಚಕ್ರಗಳ ಜೊತೆಗೇ ಉಳಿಯುವುದರಿಂದ ಒಳಗಿನ ಶಾಫ್ಟ್‌ಗಳ ಕೋನ ಬದಲಾಗುವುದಿಲ್ಲ, ಹೊರಗೆ ತೂಗುವ ಬೂಟ್ ಕೂಡ ಇಲ್ಲ. ನೀವು ನೋಡಿಕೊಳ್ಳಬೇಕಾದದ್ದು ಚಕ್ರ ತಿರುಗುವ ಗುಂಡನೆಯ ನಕಲ್‌ನ ಸೀಲ್. ಲಿಫ್ಟ್‌ನಿಂದ ನಿಮಗೆ ಬರುವ ತೊಂದರೆಗಳು ಬೇರೆ: ಸ್ಟೀರಿಂಗ್‌ನ ಕ್ಯಾಸ್ಟರ್ ಕೋನವೂ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ) ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲರ್ ಶಾಫ್ಟ್‌ನ ಕೋನವೂ ಬದಲಾಗುತ್ತವೆ.

ಪ್ರಶ್ನೆ: ದಾರಿಯ ನಡುವೆ ಬೂಟ್ ಹರಿದದ್ದು ಗೊತ್ತಾದರೆ ಗಾಡಿ ಓಡಿಸಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಮನೆ ತಲುಪುವ ಮಟ್ಟಿಗೆ ಓಡಿಸಬಹುದು. ಕೀಲಿನೊಳಗೆ ಉಕ್ಕಿನ ಗುಂಡುಗಳು ಸಾಮಾನ್ಯವಾಗಿ ಆರು ಇರುತ್ತವೆ. ಗ್ರೀಸ್ ಹೊರಹೋಗಿ ಮಣ್ಣು ಒಳಬಂದಾಗ ಹಾಳಾಗುವುದು ಆ ಗುಂಡುಗಳೂ ಅವು ಓಡಾಡುವ ಹಳ್ಳಗಳೂ. ಆದ್ದರಿಂದ ನೀರು, ಕೆಸರು ದಾಟಬೇಡಿ. ಸೀಳನ್ನು ಒರೆಸಿ, ಗಟ್ಟಿ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಬಿಗಿದು, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸದೆ ನಿಧಾನವಾಗಿ ಹೋಗಿ. ತಿರುವಿನಲ್ಲಿ ಇನ್ನೂ ‘ಟಕ್ ಟಕ್’ ಸದ್ದು ಬಂದಿಲ್ಲವಾದರೆ ಕೀಲು ಉಳಿದಿರುವ ಸಾಧ್ಯತೆ ಹೆಚ್ಚು. ಅದನ್ನು ಬಿಚ್ಚಿ, ತೊಳೆದು, ಒಣಗಿಸಿ, ಬೂಟ್ ಜೊತೆ ಬರುವ ಮಾಲಿಬ್ಡಿನಮ್ ಗ್ರೀಸಿನ ಪೊಟ್ಟಣವನ್ನು ಪೂರ್ತಿ ತುಂಬಿಸಿ ಹೊಸ ಬೂಟ್ ಹಾಕಿದರೆ ಸಾಕು. ಸದ್ದು ಶುರುವಾಗಿದ್ದರೆ ಬೂಟ್ ಮಾತ್ರ ಬದಲಿಸುವುದು ದಂಡ, ಕೀಲನ್ನೇ ಬದಲಿಸಬೇಕು.